ಹಳದಿ ಗೆರೆ

ಬೆಳಗಿನಿಂದ ಇದು ನಾಲ್ಕನೇ ಸಲ. ಸೊಸೆ ಅಡುಗೆಮನೆಯ ಕಿಟಕಿಯಿಂದ ಲೆಕ್ಕ ಇಟ್ಟಿದ್ದಳು. ಮಾವ ಗಾಡಿಯ ಸುತ್ತ ಒಂದು ಸುತ್ತು ಬಂದು, ಎಡಗಡೆಯ ಮುಂದಿನ ಚಕ್ರದ ಬಳಿಯೇ ಕುಕ್ಕರಗಾಲಿನಲ್ಲಿ ಕೂರುತ್ತಿದ್ದರು. ನಜ್ಜುಗುಜ್ಜಾದ ಬಾನೆಟ್ಟು, ಒಡೆದ ಗಾಜು, ಸೊಟ್ಟಗಾದ ಬಾಗಿಲು ಯಾವುದೂ ಅವರಿಗೆ ಬೇಕಿರಲಿಲ್ಲ. ತುಕ್ಕು ಹಿಡಿದು ಕಚ್ಚಿಕೊಂಡಿದ್ದ ಆ ಒಂದು ಚಕ್ರವನ್ನು ಬಿಚ್ಚಲು ಹೆಣಗುತ್ತಿದ್ದರು. ಜೇಬಿನಲ್ಲಿ ಸ್ಯಾಂಡ್ ಪೇಪರ್ ಇಣುಕುತ್ತಿತ್ತು.

"ಇದನ್ನ ಯಾಕೆ ಮನೆಗೆ ತಂದ್ರಿ ಮಾವ?" ಎಂದು ನಿನ್ನೆಯೇ ಕೇಳಿದ್ದಳು.

"ರಿಪೇರಿ ಮಾಡ್ತೀನಿ. ನೀನು ಮಾತ್ರ ಹತ್ತಿರ ಬರ್ಬೇಡ."

ಎಂಟು ತಿಂಗಳ ಹಿಂದೆ ಇದೇ ಗಾಡಿ ಅವಳ ಗಂಡನ ಸಮೇತ ಗುಡ್ಡದ ತಿರುವಿನಿಂದ ಕಣಿವೆಗೆ ಉರುಳಿತ್ತು. ಅವನು ಬದುಕಲಿಲ್ಲ. ಸ್ಟಿಯರಿಂಗ್ ರಾಡನ್ನು ಎಡಚಕ್ರಕ್ಕೆ ಹಿಡಿದಿಡುವ ನಟ್ಟು ನಾಪತ್ತೆಯಾಗಿತ್ತು. "ಮುರಿದಿಲ್ಲ, ಬಿಚ್ಚಿಕೊಂಡಿದೆ," ಎಂದರು ಪೊಲೀಸರು. "ಬಿಗಿ ಮಾಡೋದು ಮರೆತೆ. ತಪ್ಪು ನಂದೇ," ಎಂದರು ಮಾವ. ಕಣಿವೆಗೆ ಎಲ್ಲರಿಗಿಂತ ಮೊದಲು ಇಳಿದವರು ಅವರೇ. ಆಮೇಲೆ ಗಾಡಿ ಠಾಣೆಯ ಹಿತ್ತಲಿನಲ್ಲಿ ಬಿದ್ದಿತ್ತು, ನಿನ್ನೆಯವರೆಗೆ.

ಮರೆತರಂತೆ! ನಲವತ್ತು ವರ್ಷ ಗ್ಯಾರೇಜು ನಡೆಸಿದ ಮನುಷ್ಯ. ಬಾಗಿಲ ಚಿಲಕದ ಸ್ಕ್ರೂ ಅರ್ಧ ಸುತ್ತು ಸಡಿಲವಾದರೂ ಊಟ ಬಿಟ್ಟು ಏಳುವವರು. ಈ ಮಾತನ್ನು ಎಂಟು ತಿಂಗಳಿಂದ ಅವಳು ನಂಬಿರಲಿಲ್ಲ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ನಟ್ಟು ಬಿಗಿಯಾದ ಮೇಲೆ ಅದರ ಮೇಲೊಂದು ಹಳದಿ ಗೆರೆ. ಅರ್ಧ ನಟ್ಟಿನ ಮೇಲೆ, ಅರ್ಧ ಪಕ್ಕದ ಕಬ್ಬಿಣದ ಮೇಲೆ. ಗೆರೆ ಬಿತ್ತೆಂದರೆ ಆ ನಟ್ಟಿನ ತಂಟೆಗೆ ಮತ್ತೆ ಯಾರೂ ಹೋಗುತ್ತಿರಲಿಲ್ಲ. ಯಾರೋ ಓಡಿಸಿ ಬಿಟ್ಟ ಈ ಫೋರ್‌ವೀಲ್ ಡ್ರೈವ್ ಗಾಡಿಯನ್ನು ಗಂಡ ಹುಚ್ಚು ಹಿಡಿಸಿಕೊಂಡು ತಂದ ಮೇಲೆ ಗೆರೆ ಎಳೆಯುವ ಕೆಲಸ ಅವಳ ಪಾಲಿಗೆ ಬಂತು. ಉಗುರಿಗೆ ರಂಗು ಹಚ್ಚಿದ ಕೈಯಲ್ಲೇ ಗ್ರೀಸಿನ ನಡುವೆ ನುಸುಳುತ್ತಿದ್ದಳು. "ಪೇಂಟರ್ ಎಲ್ಲಿ?" ಎಂದು ಅಪ್ಪ ಮಗ ಇಬ್ಬರೂ ಕೂಗುತ್ತಿದ್ದರು. ಹಾಗೆ ಕರೆಸಿಕೊಳ್ಳುವುದು ಅವಳಿಗೆ ತುಂಬ ಇಷ್ಟವಿತ್ತು.

ಕೊನೆಯ ಎರಡು ವಾರ ಅಪ್ಪ ಮಗನಿಗೆ ಮಾತಿರಲಿಲ್ಲ. "ಈ ಮುದಿ ಗಾಡೀಲಿ ಗುಡ್ಡ ಹತ್ತಿದ್ರೆ ನೀನು ನನ್ನ ಮಗನೇ ಅಲ್ಲ," ಎಂದಿದ್ದರು ಮಾವ. "ಹತ್ತೇ ಹತ್ತೀನಿ," ಎಂದಿದ್ದ ಮಗ. ಮಾತು ಬಿಟ್ಟರೇ ಹೊರತು ಕೆಲಸ ಬಿಡಲಿಲ್ಲ. ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಹಿಡಿಯುತ್ತಿದ್ದರು. ಯಾವುದು ಮುಗಿದಿದೆ, ಯಾವುದು ಬಾಕಿ ಎಂದು ಬಾಯಿಬಿಟ್ಟು ಕೇಳುವ ಬದಲು ಗೆರೆ ನೋಡಿಕೊಳ್ಳುತ್ತಿದ್ದರು.

ಹೊರಡುವ ಹಿಂದಿನ ಸಂಜೆ ಬಣ್ಣ ಮುಗಿಯಿತೆಂದು ಮಾವ ಅಂಗಡಿಗೆ ಹೋಗಿ ಬಂದರು. "ಪೇಂಟರ್, ಎಲ್ಲಾ ಆಯ್ತಾ?"

"ಆಯ್ತು ಮಾವ."

ಮಬ್ಬುಬೆಳಕಿನಲ್ಲಿ ಬಗ್ಗಿ ಒಮ್ಮೆ ಕಣ್ಣಾಡಿಸಿದರು. ಅವಳು ಒಳಗೆ ಹೋದ ಮೇಲೂ ಬಹಳ ಹೊತ್ತು ಒಬ್ಬರೇ ಗಾಡಿಯ ಪಕ್ಕದಲ್ಲಿ ನಿಂತಿದ್ದರು. ಅವಳಿಗೆ ಈಗ ಬೇಕಾಗಿದ್ದುದು ಆ ಹೊತ್ತಿನ ಲೆಕ್ಕ.

ಎಡಚಕ್ರದ ಹಿಂದೆ ಗೆರೆ ಇಲ್ಲದಿದ್ದರೆ ಅವರು ನಿಜವಾಗಿ ಮರೆತಿದ್ದಾರೆ. ಮರೆವನ್ನು ಕ್ಷಮಿಸಬಹುದು. ಗೆರೆಯಿದ್ದರೆ? ಬಿಗಿಯಾಗಿದ್ದ ನಟ್ಟನ್ನು ಆಮೇಲೆ ಯಾರೋ ಬೇಕೆಂದೇ ಸಡಿಲಿಸಿದ್ದಾರೆ. ಗೆರೆ ಎಳೆದ ಹತ್ತಾರು ನಟ್ಟುಗಳ ನಡುವೆ ಅಲ್ಲಿ ತಾನು ಎಳೆದಿದ್ದೆನೋ ಇಲ್ಲವೋ, ಎಷ್ಟು ತಲೆ ಕೆರೆದುಕೊಂಡರೂ ಅವಳಿಗೆ ನೆನಪಾಗುತ್ತಿರಲಿಲ್ಲ. ನಾಲ್ಕು ಗಂಟೆಗೆ ಅಣ್ಣ ಕರೆದೊಯ್ಯಲು ಬರುವವನಿದ್ದ. ಎರಡು ಸೂಟ್‌ಕೇಸು ಬಾಗಿಲ ಬಳಿ ತಯಾರಿದ್ದವು. ಈ ಮನೆಯಲ್ಲಿ ಉಳಿಯುವುದೋ, ಮತ್ತೆಂದೂ ಈ ಮುಖ ನೋಡದೆ ಹೋಗುವುದೋ, ಅಷ್ಟರೊಳಗೆ ತೀರ್ಮಾನವಾಗಬೇಕು.

ಮಧ್ಯಾಹ್ನ ಧಡ್ ಎಂದು ಚಕ್ರ ಕೆಳಗೆ ಬಿತ್ತು. ಮಾವ ಸ್ಯಾಂಡ್ ಪೇಪರ್ ಹೊರತೆಗೆದರು.

ಅವಳು ಸಿಂಕಿನ ಕೆಳಗೆ ಬಗ್ಗಿ, ಪೈಪಿನ ನಟ್ಟನ್ನು ಎರಡು ಸುತ್ತು ತಿರುಗಿಸಿದಳು. "ಮಾವ, ನೀರು ಸೋರ್ತಿದೆ, ಬೇಗ ಬನ್ನಿ!"

ಸಡಿಲ ನಟ್ಟೆಂದರೆ ಅವರು ತಡೆಯುವವರಲ್ಲ. ಅವರು ಒಳಗೆ ಬಂದರು, ಅವಳು ಹಿಂಬಾಗಿಲಿನಿಂದ ಹೊರಗೆ ಓಡಿದಳು.

ಶೆಡ್ಡಿನ ಕಪಾಟಿನಲ್ಲಿ ಅವತ್ತು ತಂದ ಬಣ್ಣದ ಡಬ್ಬಿ ಧೂಳು ತಿನ್ನುತ್ತಿತ್ತು. ಮುಚ್ಚಳದ ಮೇಲಿನ ಸೀಲು ಇನ್ನೂ ಹಾಗೇ ಇತ್ತು. ಅದನ್ನು ದಾಟಿ ಸೀಮೆಎಣ್ಣೆಯ ಬಟ್ಟೆ ಎತ್ತಿಕೊಂಡು ಗಾಡಿಯ ಕೆಳಗೆ ತೂರಿದಳು. ರಾಡಿನ ತುದಿಯಲ್ಲಿ ಒಣಗಿದ ಕೆಸರು, ಕಪ್ಪು ಗ್ರೀಸು. ಉಜ್ಜಿದಳು.

ಗೆರೆಯಿತ್ತು.

ಅರ್ಧ ನಟ್ಟಿನ ಜೊತೆ ಹೋಗಿ, ಉಳಿದರ್ಧ ಕಬ್ಬಿಣದ ಮೇಲಿತ್ತು. ಹೆತ್ತ ಮಗನನ್ನೇ! ಎಂಟು ತಿಂಗಳು ಈ ಮನುಷ್ಯನಿಗೆ ಅನ್ನ ಬಡಿಸಿದೆನಲ್ಲ ಎಂದು ಅವಳ ಮೈಯೆಲ್ಲ ಉರಿಯಿತು.

ಪಕ್ಕದಲ್ಲಿ ಎರಡು ಒದ್ದೆ ಪಾದಗಳು ಬಂದು ನಿಂತವು. ಮಾವ ಕಷ್ಟಪಟ್ಟು ಮಂಡಿಯೂರಿದರು. ಅವರ ಕಣ್ಣು ತುಂಬಿತ್ತು.

"ಪೈಪಿನ ನಟ್ಟು ನೀನೇ ಬಿಚ್ಚಿದ್ದಲ್ವಾ ಮಗಳೇ? ಹೊರಗೆ ಬಾ. ಅಲ್ಲಿ ನೋಡೋಕೆ ಏನೂ ಇಲ್ಲ. ಮರೆತವನು ನಾನು ಅಂತ ಎಲ್ಲರ ಮುಂದೆ ಒಪ್ಪಿಕೊಂಡಾಗಿದೆ. ಇನ್ನೂ ಯಾಕೆ ಕೆದಕ್ತೀಯ?"

"ಸುಳ್ಳು! ಇಲ್ಲಿ ಗೆರೆ ಇದೆ ಮಾವ!"

ಅವರು ಅವಳ ಕೈಯಿಂದ ಬಟ್ಟೆ ಕಿತ್ತುಕೊಳ್ಳಲು ನೋಡಿದರು. ಅವಳು ಬಿಡಲಿಲ್ಲ, ಹಲ್ಲು ಕಚ್ಚಿ ಇನ್ನೊಂದು ಸಲ ಒರೆಸಿದಳು. ಉಳಿದ ಗ್ರೀಸೂ ಹೋಗಿ ಬಣ್ಣ ಹೊಳೆಯಿತು.

ಗೆರೆ ಹಳದಿಯಾಗಿರಲಿಲ್ಲ, ಕೆಂಪಗಿತ್ತು: ಮಾವ ಅಂಗಡಿಯಿಂದ ಬರುವಷ್ಟರಲ್ಲಿ ಮುಗಿಸಿಬಿಡೋಣವೆಂದು, ಬಾಕಿ ಉಳಿದಿದ್ದ ಒಂದೇ ಒಂದು ನಟ್ಟಿಗೆ, ಬಿಗಿಯಾಗಿದೆಯೇ ಎಂದು ಯಾರನ್ನೂ ಕೇಳದೆ ಅವಳೇ ಓಡಿ ತಂದು ಹಚ್ಚಿದ್ದ ಅವಳದೇ ಉಗುರಿನ ರಂಗು.