ಕಡಿಮೆ ಅಂಕಿ

ಹೊಸ ಹೃದಯಕ್ಕೆ ಕಾಯುತ್ತಿದ್ದವರು ಇಬ್ಬರು. ಎಕೋ ಪರೀಕ್ಷೆಯಲ್ಲಿ ಯಾರ ಹೃದಯದ ಶಕ್ತಿ ಕಡಿಮೆಯೋ ಅವರದೇ ಮೊದಲ ಸರದಿ. ವನಜಾಳದು ಶೇಕಡಾ ಹದಿನೆಂಟು, ಪಕ್ಕದ ಮಂಚದ ಲೀಲಕ್ಕನದು ಹದಿನಾಲ್ಕು.

"ಈ ವಯಸ್ಸಲ್ಲೂ ಇವಳೇ ಮುಂದೆ" ಎಂದು ವನಜಾಳ ಹೊಟ್ಟೆ ಉರಿಯುತ್ತಿತ್ತು. ಎರಡು ವಾರ ಮಾತ್ರೆಗಳನ್ನು ನುಂಗದೆ ದಿಂಬಿನ ಚೀಲಕ್ಕೆ ತುರುಕಿದಳು.

ಇವತ್ತಿನ ಎಕೋ ಒಂಬತ್ತು ತೋರಿಸಿತು.

"ಈಗ ನಾನೇ ಮೊದಲಲ್ವಾ ಡಾಕ್ಟ್ರೇ?"

ಡಾಕ್ಟರು ವರದಿ ಹಿಡಿದು ಹೊರಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಆಪರೇಷನ್ನಿಗೆ ಹೊರಟ ಲೀಲಕ್ಕನ ಸ್ಟ್ರೆಚರ್ ವನಜಾಳ ಪಕ್ಕದಲ್ಲಿ ನಿಂತಿತು. ಲೀಲಕ್ಕನ ಕಣ್ಣು ತುಂಬಿತ್ತು.

"ಬೆಳಿಗ್ಗೆ ಹೃದಯ ಸಿಕ್ತು ಅಂದಾಗ, ನಂಗೆ ಬೇಡ, ವನಜಂಗೆ ಹಾಕಿ, ಅವಳಿಗೆ ಚಿಕ್ಕ ಮಗು ಇದೆ ಅಂದಿದ್ದೆ ಕಣಮ್ಮ. ನಿನ್ನ ಎಕೋ ನೋಡಿ ಡಾಕ್ಟ್ರು, ಆಪರೇಷನ್ ತಡ್ಕೊಳ್ಳೋ ಶಕ್ತಿ ಇವಳಲ್ಲಿ ಉಳಿದಿಲ್ಲ ಅಂದ್ಬಿಟ್ರು."