ಕೈಯಾರೆ ಕೊಟ್ಟದ್ದು

ಗಂಡ ಕಾಂಗಿಯನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಅನ್ಪೋವಿನ್ ಬರಿ ನೆಲದ ಮೇಲೆ ಕೂತು ನಾದಿನಿ ತಂದ ಒಣಮಾಂಸದ ಸಾರು ಕುಡಿಯುತ್ತಿದ್ದಳು. ರುಚಿ ತಿಳಿಯುತ್ತಿರಲಿಲ್ಲ. ಬಾಗಿಲಲ್ಲಿ ನೆರಳಾಯಿತು. ಮಿಸ್ ಥಾರ್ನ್. ಅಮೆರಿಕದ ಮೂಲನಿವಾಸಿಗಳಾದ ಸೂ ಜನರನ್ನು ಉದ್ಧಾರ ಮಾಡಲೆಂದು ಬಾಸ್ಟನ್ನಿನಿಂದ ಬಂದು, ಮೂರು ವರ್ಷದಿಂದ ಸರ್ಕಾರ ಅವರಿಗೆಂದು ಬಿಟ್ಟ ಈ ಮೀಸಲು ನೆಲದಲ್ಲಿ ಮನೆಮನೆ ತಿರುಗಿ, ಕಂಡದ್ದನ್ನು ಪುಸ್ತಕ ಮಾಡುವವರು.

"ಲೂಸಿ! ಒಲೆ ಎಲ್ಲಿ? ಮಂಚ ಎಲ್ಲಿ? ಅಯ್ಯೋ ದೇವರೇ, ಆ ಹೊಸ ದೀಪ?"

ಲೂಸಿ ಎಂಬುದು ಬಿಳಿಯರ ಶಾಲೆಯವರು ಅವಳಿಗೆ ಇಟ್ಟ ಹೆಸರು. "ಕೊಟ್ಬಿಟ್ಟೆ" ಎಂದಳು ಅನ್ಪೋವಿನ್.

"ಯಾರು ಹೊತ್ಕೊಂಡು ಹೋದ್ರು?" ಮಿಸ್ ಥಾರ್ನ್ ಅವರ ಪೆನ್ಸಿಲ್ ಆಗಲೇ ಓಡುತ್ತಿತ್ತು.

"ಯಾರೂ ಹೊತ್ಕೊಂಡು ಹೋಗ್ಲಿಲ್ಲ. ಮನೇಲಿ ಸಾವಾದ್ರೆ ಇರೋದನ್ನೆಲ್ಲ ಕೊಡ್ತೀವಿ. ಹೋದ ವರ್ಷವೂ ಕೇಳಿದ್ರಿ, ಹೇಳಿದ್ದೆ."

ಮೂಲೆಯಲ್ಲಿ ಕೂತಿದ್ದ ನಾದಿನಿ ವಾಷ್ಟೆವಿನ್‌ಗೆ ಇಂಗ್ಲಿಷ್ ಬಾರದು. "ಏನಂತೆ ಆ ಬಿಳಿ ಕೊಕ್ಕರೆಗೆ?" ಎಂದಳು.

"ಒಲೆ ಎಲ್ಲಿ ಅಂತಾರೆ, ಅಕ್ಕಾ."

"ತೊರೆಯಾಚೆ ಕುರುಡಮ್ಮನ ಮನೇಲಿದೆ ಅಂತ ಹೇಳು. ಹೊತ್ತು ಹಾಕಿ ಬಂದವಳು ನಾನು, ಸೊಂಟ ಹಿಡ್ಕೊಂಡಿದೆ ಅಂತಾನೂ ಹೇಳು. ಅದನ್ನೂ ಬರ್ಕೊಳ್ಳಲಿ."

ಅನ್ಪೋವಿನ್ ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಮಿಸ್ ಥಾರ್ನ್ ಪೆನ್ಸಿಲಿನಿಂದಲೇ ವಾಷ್ಟೆವಿನ್ ಕಡೆ ತೋರಿಸಿದರು. "ನಿನ್ನೆ ಒಲೆ ಹೊತ್ಕೊಂಡು ಓಡ್ತಿದ್ದವಳು ಇವಳೇ. ಗಾಡಿಯಲ್ಲಿ ಕೂತು ನನ್ನ ಕಣ್ಣಾರೆ ನೋಡಿದೀನಿ." ಆಮೇಲೆ ಬರೆದದ್ದನ್ನು ಗಟ್ಟಿಯಾಗಿ ಓದಿದರು: "'ಗಂಡ ಮಣ್ಣಾದ ದಿನವೇ ನಾದಿನಿ ಮನೆ ದೋಚಿದಳು. ಪಾಪದ ವಿಧವೆಯ ತಲೆಗೂದಲನ್ನೂ ಬಿಡಲಿಲ್ಲ.' ಇದರ ಒಂದು ಪ್ರತಿ ಇವತ್ತೇ ಸರ್ಕಾರದ ಏಜೆಂಟರಿಗೆ ಹೋಗುತ್ತೆ. ಇವಳು ಒಂದು ತಿಂಗಳು ಕಂಬಿ ಎಣಿಸಲಿ. ನಿನ್ನ ಸಾಮಾನು ತಾನಾಗೇ ವಾಪಸ್ ಬರುತ್ತೆ."

"ಕೂದಲು ಕತ್ತರಿಸ್ಕೊಂಡವಳು ನಾನೇ, ಮಿಸ್ ಥಾರ್ನ್. ಅದು ನಮ್ಮ ಸೂತಕ. ಕೊಟ್ಟವಳೂ ನಾನೇ. ಹಾಗಂತ ಬರೀರಿ."

"ಹಾಗೆ ಬರೆದ್ರೆ ನಿನ್ನ ಕುತ್ತಿಗೆಗೇ ಬರುತ್ತೆ! ಹೀಗೆ ಹಂಚೋದು ಈಗ ಅಪರಾಧ. ರೇಷನ್ ಚೀಟಿ ಕಿತ್ಕೋತಾರೆ. ಏಳು ವರ್ಷ ಓದಿದವಳಿಗೆ ಅಷ್ಟೂ ತಿಳಿಯಲ್ವಾ? ನಿನ್ನ ಒಳ್ಳೇದಕ್ಕೇ ನಾನು ಇಷ್ಟು ಒದ್ದಾಡ್ತಿರೋದು."

ಗಂಡ ಸತ್ತ ಈ ನಾಲ್ಕು ದಿನದಲ್ಲಿ ಅನ್ಪೋವಿನ್‌ಗೆ ಅಳು ಬಂದಿರಲಿಲ್ಲ, ಈಗಲೂ ಬರಲಿಲ್ಲ. ಬೇಸರವಾಯಿತು. ಬಟ್ಟಲನ್ನು ಪಕ್ಕಕ್ಕಿಟ್ಟು ಎದ್ದಳು. ಮಿಸ್ ಥಾರ್ನ್ ಕೈಯಿಂದ ನೋಟ್‌ಬುಕ್ಕನ್ನೂ ಪೆನ್ಸಿಲನ್ನೂ ತೆಗೆದುಕೊಂಡು, ಆ ಎರಡು ಸಾಲಿನ ಪಕ್ಕ, ಅಂಚಿನ ಕಿರಿದಾದ ಜಾಗದಲ್ಲಿ ಬರೆದಳು: 'ಯಾರೂ ದೋಚಲಿಲ್ಲ. ನಾನೇ ಕೈಯಾರೆ ಕೊಟ್ಟೆ.' ಕೆಳಗೆ ಶಾಲೆಯ ಹೆಸರು, ಅದರ ಕೆಳಗೆ ತಾಯಿ ಇಟ್ಟ ಹೆಸರು.

"ಇನ್ನು ಕಳಿಸಿ."

"ಚೀಟಿ ಹೋದ್ರೆ ಏನು ತಿಂತೀಯೇ ಹುಚ್ಚಿ?"

"ಏನಂತೆ?" ಎಂದಳು ವಾಷ್ಟೆವಿನ್.

"ಏನು ತಿಂತೀಯ ಅಂತಾರೆ."

"ಕುಡೀತಿದ್ದದ್ದು ಕಾಣಲಿಲ್ವಂತಾ? ಕನ್ನಡಕ ಒರೆಸ್ಕೊಳ್ಳೋಕೆ ಹೇಳು."

ಮಿಸ್ ಥಾರ್ನ್ ಆ ಹಾಳೆಯನ್ನು ಹರಿಯಲು ಹೋಗಿ ಕೈ ಹಿಂತೆಗೆದರು. ನೋಟ್‌ಬುಕ್ ಮುಚ್ಚಿ ಹೊರಟವರ ಕಣ್ಣು ಕಿಟಕಿಯ ಕಟ್ಟೆಯ ಮೇಲೆ ಬಿತ್ತು. ಅಲ್ಲಿ ನೀಲಿ ರಟ್ಟಿನ ಒಂದು ಪುಸ್ತಕವಿತ್ತು. ಇಡೀ ಮನೆಯಲ್ಲಿ ಉಳಿದದ್ದು ಅದೊಂದೇ.

"ನನ್ನ ಪುಸ್ತಕ!" ಅವರ ದನಿ ಮೆತ್ತಗಾಯಿತು. "ಎಲ್ಲ ಹೋದರೂ ಇದೊಂದನ್ನ ಇಟ್ಕೊಂಡಿದ್ದೀಯಲ್ಲ, ಮಗು. ಕಾಂಗಿಗೆ ಅಷ್ಟು ಇಷ್ಟವಾಗಿತ್ತಾ?"

"ಅದು ಅವರದಲ್ಲ. ಓದೋಕೆ ಅಂತ ನಿಮ್ಮ ಹತ್ರ ಕೇಳಿ ತಂದಿದ್ದು. ನಮ್ಮದಲ್ಲದ್ದನ್ನ ಬೇರೆಯವರಿಗೆ ಹೇಗೆ ಕೊಡೋದು?" ಅನ್ಪೋವಿನ್ ಪುಸ್ತಕವನ್ನು ಎರಡೂ ಕೈಯಲ್ಲಿ ಚಾಚಿದಳು. "ತಗೊಳ್ಳಿ."

"ಇರಲಿ, ಅವನ ನೆನಪಿಗೆ ಇಟ್ಕೋ."

"ಇಟ್ಕೊಂಡ್ರೆ ನಂದಾಗುತ್ತೆ. ನಂದಾದ್ರೆ ಸಂಜೆಯೊಳಗೆ ಯಾರಿಗಾದ್ರೂ ಕೊಟ್ಬಿಡ್ತೀನಿ."

ಮಿಸ್ ಥಾರ್ನ್ ಪುಸ್ತಕ ತೆರೆದರು. 'ಕಾಂಗಿ ಎಂಬ ಯುವಕನದು ಎಂಥ ಕಲ್ಲೆದೆ ಎಂದರೆ, ಹೆಂಡತಿಯ ಮುದಿ ತಾಯಿಯ ಮುಖವನ್ನು ಅವನು ಕಣ್ಣೆತ್ತಿಯೂ ನೋಡುವುದಿಲ್ಲ' ಎಂದು ಅಚ್ಚಾದ ಸಾಲಿನ ಪಕ್ಕ, ಅನ್ಪೋವಿನ್ ಕಲಿಸಿದ ದುಂಡನೆಯ ಅಕ್ಷರಗಳಲ್ಲಿ ಕಾಂಗಿ ಬರೆದಿದ್ದ: 'ಅತ್ತೆಯ ಮುಖ ನೋಡದಿರುವುದು ನಾವು ಅತ್ತೆಗೆ ಕೊಡುವ ಮರ್ಯಾದೆ. ಕೇಳಿದ್ದರೆ ಹೇಳುತ್ತಿದ್ದೆ.' ಹಾಳೆ ತಿರುವಿದರು. ಅಲ್ಲೂ ನಾಲ್ಕು ಸಾಲು. ಮತ್ತೆ ತಿರುವಿದರು. ಅಂಚುಗಳಲ್ಲಿ ಎಲ್ಲೂ ಬಿಳಿ ಜಾಗ ಉಳಿದಿರಲಿಲ್ಲ. ಕೆಲವು ಕಡೆ ಜಾಗ ಸಾಲದೆ ಅಕ್ಷರಗಳು ಅಚ್ಚಿನ ಸಾಲುಗಳ ನಡುವೆ ನುಗ್ಗಿದ್ದವು.

"ಪುಸ್ತಕ ಪೂರ್ತಿ ಗೀಚಿ ಹಾಳು ಮಾಡಿದಾನಲ್ಲೇ!" ಎಂದರು ಮಿಸ್ ಥಾರ್ನ್.

"ಹೌದು" ಎಂದಳು ಅನ್ಪೋವಿನ್. "ಮುಂದಿನ ಪುಸ್ತಕ ಅಚ್ಚು ಹಾಕಿಸೋವಾಗ ಅಂಚು ಇನ್ನೂ ಅಗಲ ಬಿಡಿಸಿ. ನನ್ನ ಅಕ್ಷರ ಅವರದಕ್ಕಿಂತ ದೊಡ್ಡದು."