ಐದು ಗಂಟೆವರೆಗೆ ಅಟೆಂಡರ್

ಮ್ಯಾನೇಜರಮ್ಮನ ಬೆರಳು ಕರೆಗಂಟೆಯ ಮೇಲೆ ಹಾಗೇ ನಿಂತಿತು. ಹದಿಮೂರು ವರ್ಷದಿಂದ ದಿನಕ್ಕೆ ನಲವತ್ತು ಸಲ ಒತ್ತಿದ ಗಂಟೆ. ಆದರೆ ನಿನ್ನೆ ಅವರ ಮಗಳಿಗೂ ಅಟೆಂಡರ್ ಮಗನಿಗೂ ಮದುವೆ ಮಾತಾಗಿತ್ತು. ಬೀಗರನ್ನು ಗಂಟೆ ಹೊಡೆದು ಕರೆಯುವುದು ಹೇಗೆ? ಫೈಲ್ ಹುಡುಕಲು ತಾವೇ ಎದ್ದರು.

ಅಟೆಂಡರ್ ಬಾಗಿಲಲ್ಲಿ ಇಣುಕಿದರು. "ಯಾಕೆ ಮೇಡಂ, ಬೆಲ್ ಕೆಟ್ಟಿದೆಯಾ?"

"ಇಲ್ಲ ಬೀಗರೇ. ಮೊದಲು ನೀವು ಕೂತ್ಕೊಳ್ಳಿ."

"ಐದು ಗಂಟೆವರೆಗೂ ನಾನು ಅಟೆಂಡರ್ ಮೇಡಂ. ಇಲ್ಲಿ ಕೂತ್ರೆ ಹೊರಗಿನೋರು ಸುಮ್ನಿರ್ತಾರಾ? ತಲೆ ಮೇಲೆ ಹತ್ತಿ ಕೂತ ಅಂತಾರೆ. ಬೆಲ್ ಹೊಡೀರಿ." ಹೊರಗೆ ಹೋಗಿ ತಮ್ಮ ಸ್ಟೂಲಿನ ಮೇಲೆ ಕೂತು ಕಾದರು. ಮ್ಯಾನೇಜರಮ್ಮ ಕಣ್ಣು ಮುಚ್ಚಿ ಗಂಟೆ ಒತ್ತಿದರು. ಅಟೆಂಡರ್ ಬಂದು ಫೈಲ್ ತೆಗೆದುಕೊಟ್ಟು ಹೋದರು.

ಐದಾಯಿತು. ಅಟೆಂಡರ್ ಸಮವಸ್ತ್ರದ ಕೋಟು ಕಳಚಿ ಮೊಳೆಗೆ ನೇತುಹಾಕಿ, ಒಳಗೆ ಬಂದು, ಎದುರಿನ ಕುರ್ಚಿ ಎಳೆದು ಕಾಲ ಮೇಲೆ ಕಾಲು ಹಾಕಿ ಕೂತರು. "ಏನು ಬೀಗಿತ್ತಿಯವರೇ, ಗಂಡಿನ ಕಡೆಯೋರು ಬಂದು ಕೂತಿದ್ದೀವಿ, ಒಂದು ಲೋಟ ನೀರೂ ಇಲ್ವಾ?"

ಮ್ಯಾನೇಜರಮ್ಮ ದಡಬಡಿಸಿ ಎದ್ದರು. ಕೋಣೆಯ ನಡುವೆ ನಿಂತು ಸುತ್ತ ನೋಡಿದರು. ಈ ಆಫೀಸಿನಲ್ಲಿ ಲೋಟ ಎಲ್ಲಿಡುತ್ತಾರೆಂದು ಹದಿಮೂರು ವರ್ಷದಲ್ಲಿ ಅವರು ಒಮ್ಮೆಯೂ ನೋಡಿರಲಿಲ್ಲ.